ಕಾಗೆ ಕೂರದ ಕೊಂಬೆ

ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು, ಮೊಣಕಾಲು ನೋವು ಅಂತ ಬಾಯಿ ತಪ್ಪಿ ಅಂದುಬಿಟ್ಟೆ. ಸ್ವಲ್ಪ ಸಾಲ ಬೇಕಿತ್ತು ಅಂದಿದ್ದರೆ ಬೆಂಚು ಅರ್ಧ ನಿಮಿಷದಲ್ಲಿ ಖಾಲಿಯಾಗುತ್ತಿತ್ತು. ನೋವು ಅಂದೆ ನೋಡಿ, ಆಚೆ ಬೆಂಚಿನವರೂ ಎದ್ದು ಬಂದರು. ಒಬ್ಬರು ಎಕ್ಕದೆಲೆ ಬಿಸಿ ಮಾಡಿ ಕಟ್ಟಿ ಅಂದರು. ಇನ್ನೊಬ್ಬರು ರಾತ್ರಿ ಮೆಂತ್ಯ ನೆನೆಹಾಕಿ ಬೆಳಿಗ್ಗೆ ನುಂಗಿ ಅಂದರು. ಮತ್ತೊಬ್ಬರು ಜೇಬಿನಿಂದ ಗ್ಲುಕೋಸಮೈನ್ ಮಾತ್ರೆಯ ಪಟ್ಟಿಯನ್ನೇ ತೆಗೆದು, ಮದುವೆಮನೆಯಲ್ಲಿ ಎಲೆಅಡಿಕೆ ತಟ್ಟೆ ಚಾಚಿದ ಹಾಗೆ ಮುಂದೆ ಹಿಡಿದರು. ಮೂಲೆಮನೆ ರಾಯರು ಮಾತ್ರ ಎಲ್ಲರ ಸರದಿ ಮುಗಿಯಲಿ ಅಂತ ಕಾದಿದ್ದು, ಪಂಚೆಯನ್ನು ಗೇಣುದ್ದ ಎತ್ತಿ, ಮೊಣಕಾಲ ಸುತ್ತ ಇದ್ದ ಮೂರು ಪುಟ್ಟ ಗಾಯದ ಗುರುತು ತೋರಿಸಿದರು. “ಒಳಗೆ ದುರ್ಬೀನು ಬಿಟ್ಟು ಎಲ್ಲಾ ತೊಳೆದು ತೆಗೆದ್ರು ಸ್ವಾಮಿ. ಈಗ ನೋಡಿ!” ಅಂತ ಎದ್ದು ನಾಲ್ಕು ಹೆಜ್ಜೆ ನಡೆದೂ ತೋರಿಸಿದರು.

ನಡೆದರು, ಸುಳ್ಳಲ್ಲ. ಎಕ್ಕದೆಲೆಯವರೂ ನಡೆಯುತ್ತಿದ್ದರು. ಮೆಂತ್ಯದವರೂ ನಡೆಯುತ್ತಿದ್ದರು. ಎಲ್ಲರೂ ವಾಕಿಂಗಿಗೇ ಬಂದವರು ತಾನೆ? ನಡೆಯಲಾಗದವರು ಪಾರ್ಕಿಗೇ ಬರದೆ ಮನೆಯಲ್ಲಿ ಮಲಗಿರುತ್ತಾರೆ. ಅವರೂ ಎಕ್ಕದೆಲೆ ಕಟ್ಟಿಕೊಂಡೇ ಮಲಗಿರಬಹುದು, ಯಾರು ಹೋಗಿ ಕೇಳಿದ್ದಾರೆ?

ನನ್ನ ಸ್ಥಿತಿಯನ್ನೂ ಹೇಳಿಬಿಡುತ್ತೇನೆ. ಬಲಮೊಣಕಾಲು ಜೋರಾಗಿ ನೋಯುತ್ತಿತ್ತು. ಎಡದ್ದು ಅಣ್ಣನ ಮುಂದೆ ತಮ್ಮ ಮಾತಾಡಿದ ಹಾಗೆ, ಸ್ವಲ್ಪ ಸಂಕೋಚದಿಂದ ನೋಯುತ್ತಿತ್ತು. ನೋವು ತಡೆಯಲಾಗದ ದಿನ ಡಾಕ್ಟರ ಹತ್ತಿರ ಹೋಗುವುದು ಎಂದು ತೀರ್ಮಾನಿಸಿದ್ದೆ. ಇಲ್ಲೇ ಇರುವುದು ಗುಟ್ಟು. ಮೊಣಕಾಲು ನೋವಿಗೂ ಮೈಸೂರಿನ ಚಳಿಗೂ ಏರಿಳಿತ ಇದ್ದದ್ದೇ. ಏರಿದ್ದು ಇಳಿಯುತ್ತದೆ, ಇಳಿದದ್ದು ಮತ್ತೆ ಏರುತ್ತದೆ. ನಾವು ಡಾಕ್ಟರ ಬಾಗಿಲು ತಟ್ಟುವುದು ನೋವು ನೆತ್ತಿಗೇರಿದ ದಿನ. ನೆತ್ತಿಯಿಂದ ಆಮೇಲೆ ಅದು ಹೋಗುವುದಾದರೂ ಎಲ್ಲಿಗೆ? ಕೆಳಕ್ಕೇ. ಅಷ್ಟರಲ್ಲಿ ನಾವೊಂದು ಮಾತ್ರೆ ನುಂಗಿರುತ್ತೇವೆ, ಇಲ್ಲವೇ ಒಂದು ಎಲೆ ಕಟ್ಟಿರುತ್ತೇವೆ. ನೋವು ಇಳಿದ ಕೀರ್ತಿ ಪೂರಾ ಎಲೆಗೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಂತ ನಮ್ಮ ಅಜ್ಜಿಯರು ಒಂದೇ ಸಾಲಿನಲ್ಲಿ ಹೇಳಿಟ್ಟದ್ದು ಇದನ್ನೇ.

ಆದರೆ ಅಜ್ಜಿಯರು ಅರ್ಧ ಮಾತ್ರ ಹೇಳಿದರು. ಕೊಂಬೆ ಮುರಿದದ್ದು ಕಾಗೆಯಿಂದಲೋ ಅಲ್ಲವೋ ಎಂದು ಗೊತ್ತುಮಾಡುವುದು ಹೇಗೆ? ಅಂಥದ್ದೇ ಇನ್ನೊಂದು ಕೊಂಬೆ ಹುಡುಕಬೇಕು, ಅದರ ಮೇಲೆ ಕಾಗೆ ಕೂರದ ಹಾಗೆ ನೋಡಿಕೊಳ್ಳಬೇಕು, ಅದೂ ಮುರಿಯುತ್ತದೆಯೇ ಎಂದು ಕಾಯಬೇಕು. ಕ್ಲಿನಿಕಲ್ ಟ್ರಯಲ್ ಅಂತ ದೊಡ್ಡ ಹೆಸರಿಟ್ಟುಕೊಂಡು ವೈದ್ಯರು ಮಾಡುವುದು ಇಷ್ಟೇ: ಕಾಗೆ ಕೂತ ಕೊಂಬೆಯನ್ನೂ ಕಾಗೆ ಕೂರದ ಕೊಂಬೆಯನ್ನೂ ಅಕ್ಕಪಕ್ಕ ಇಟ್ಟು ನೋಡುವುದು. ಯಾವುದರ ಮೇಲೆ ಕಾಗೆ ಕೂರಬೇಕು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುವುದು.

ರಾಯರ ದುರ್ಬೀನು ಆಪರೇಷನ್ನಿಗೆ ಹೀಗೆ ಚೀಟಿ ಎತ್ತಿದವರಿದ್ದಾರೆ. ಅಮೆರಿಕದ ಹ್ಯೂಸ್ಟನ್ನಿನಲ್ಲಿ, ಮಾಜಿ ಸೈನಿಕರ ಆಸ್ಪತ್ರೆಯಲ್ಲಿ, ಬ್ರೂಸ್ ಮೋಸ್ಲಿ ಎಂಬ ಮೂಳೆ ಡಾಕ್ಟರು. ಸಣ್ಣಪುಟ್ಟ ಆಸಾಮಿಯಲ್ಲ, ಒಲಿಂಪಿಕ್ಸಿಗೆ ಹೋದ ಬ್ಯಾಸ್ಕೆಟ್‌ಬಾಲ್ ತಂಡದ ಮೊಣಕಾಲು ಕಾದವರು. ಮೊಣಕಾಲು ಸವೆದ 180 ಜನರನ್ನು ಅವರು ಮೂರು ಪಾಲು ಮಾಡಿದರು. ಒಂದು ಪಾಲಿಗೆ ಒಳಗೆ ತೊಳೆದು ಕೆರೆದು ಸಾಫು ಮಾಡುವುದು. ಇನ್ನೊಂದಕ್ಕೆ ಬರೀ ತೊಳೆಯುವುದು. ಮೂರನೆಯ ಪಾಲಿಗೆ ನಾಟಕ.

ನಾಟಕ ಎಂದರೆ ಗುಬ್ಬಿ ಕಂಪನಿಯ ಮಟ್ಟದ ನಾಟಕ. ರೋಗಿಯನ್ನು ಆಪರೇಷನ್ ಥಿಯೇಟರಿಗೆ ತರುತ್ತಿದ್ದರು. ಅಲ್ಲಿ ಲಕೋಟೆ ಒಡೆದು ನೋಡಿದ ಮೇಲೇ ಡಾಕ್ಟರಿಗೂ ತಿಳಿಯುತ್ತಿದ್ದದ್ದು, ಇವತ್ತು ಆಪರೇಷನ್ನೋ ಅಭಿನಯವೋ ಎಂದು. ಅಭಿನಯ ಎಂದು ಬಂದರೆ ಮಂಪರಿನ ಮದ್ದು ಕೊಟ್ಟು, ಮೊಣಕಾಲಿಗೆ ಮೂರು ಕಡೆ ಚರ್ಮ ಮಾತ್ರ ಕೊಯ್ಯುವುದು. ಆಮೇಲೆ ಡಾಕ್ಟರು ಆ ಸಲಕರಣೆ ಕೊಡಿ, ಈ ಸಲಕರಣೆ ಕೊಡಿ ಎಂದು ಕೇಳುವುದು, ಕಾಲನ್ನು ಮಡಚಿ ಚಾಚಿ ಮಾಡುವುದು. ಒಳಗೆ ತೊಳೆಯುವ ಸದ್ದು ಕಿವಿಗೆ ಬೀಳಲಿ ಅಂತ ಉಪ್ಪುನೀರನ್ನು ಚಳಚಳ ಎರಚುವುದು! ನಿಜವಾದ ಆಪರೇಷನ್ನಿಗೆ ಎಷ್ಟು ಹೊತ್ತೋ ಅಷ್ಟೇ ಹೊತ್ತು ಅಲ್ಲೇ ಇರಿಸಿಕೊಂಡು, ರಾತ್ರಿ ವಾರ್ಡಿನಲ್ಲಿ ಮಲಗಿಸಿ, ಮರುದಿನ ಊರುಗೋಲು ಕೊಟ್ಟು ಕಳಿಸುವುದು. ಮೋಸ ಎನ್ನುವ ಹಾಗಿಲ್ಲ. ‘ನನಗೆ ಬರೀ ನಾಟಕದ ಆಪರೇಷನ್ನೇ ಆಗಬಹುದು ಎಂದು ಬಲ್ಲೆ’ ಎಂಬರ್ಥದ ಮಾತನ್ನು ಪ್ರತಿಯೊಬ್ಬ ರೋಗಿಯೂ ಮುಂಚೆಯೇ ತನ್ನ ಕೈಯಾರೆ ಬರೆದುಕೊಟ್ಟಿದ್ದ. ಆಗೋದಿಲ್ಲ ಎಂದು ಎದ್ದು ಹೋದವರೂ 144 ಜನ ಇದ್ದರು. ಅವರ ಜಾಗದಲ್ಲಿ ನಾನಿದ್ದರೆ 145 ಆಗುತ್ತಿತ್ತು.

ಎರಡು ವರ್ಷ ಕಾದು ನೋಡಿದರು. 2002ರಲ್ಲಿ ಫಲಿತಾಂಶ ಹೊರಬಿತ್ತು. ತೊಳೆಸಿಕೊಂಡವರು, ಕೆರೆಸಿಕೊಂಡವರು, ನಾಟಕ ನೋಡಿದವರು, ಮೂವರ ನೋವೂ ಮೂವರ ನಡಿಗೆಯೂ ಒಂದೇ. ಆ ಕಾಲಕ್ಕೆ ಅಮೆರಿಕವೊಂದರಲ್ಲೇ ವರ್ಷಕ್ಕೆ ಆರೂವರೆ ಲಕ್ಷಕ್ಕೂ ಹೆಚ್ಚು ಇಂಥ ಆಪರೇಷನ್ ನಡೆಯುತ್ತಿದ್ದವು, ಒಂದೊಂದಕ್ಕೆ ಸುಮಾರು 5,000 ಡಾಲರು. ಬೇರೆ ಮೊಣಕಾಲಾದರೆ ಬೇರೆ ಫಲ ಸಿಗಬಹುದೇನೋ ಎಂದು ಫಿನ್ಲೆಂಡಿನವರು ಮೊಣಕಾಲಿನ ಒಳಗದ್ದಿಗೆ ಹರಿದ 146 ಜನರ ಮೇಲೆ ಇದೇ ನಾಟಕ ಆಡಿದರು. 2013ರಲ್ಲಿ ಅವರ ಉತ್ತರವೂ ಬಂತು: ಹರಿದದ್ದನ್ನು ಕತ್ತರಿಸಿದರೂ ಕತ್ತರಿಸಿದಂತೆ ನಟಿಸಿದರೂ ವರ್ಷ ಕಳೆದ ಮೇಲೆ ಲೆಕ್ಕ ಸಮ.

ಮೊಣಕಾಲು ಹೋಗಲಿ, ಬಡವನ ಅಂಗ. ಹೃದಯಕ್ಕೇ ಕೈ ಹಾಕಿದವರಿದ್ದಾರೆ. ಲಂಡನ್ನಿನ ರಾಶಾ ಅಲ್-ಲಾಮೀ ಎಂಬ ವೈದ್ಯೆ ಮತ್ತು ಅವರ ಗುಂಪು 200 ಜನ ಎದೆನೋವಿನ ರೋಗಿಗಳನ್ನು ಆರಿಸಿಕೊಂಡಿತು. ಹಾರ್ಟ್ ಅಟ್ಯಾಕ್ ಆದವರಲ್ಲ. ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತದೆ ಎನ್ನುವವರು. ಎಲ್ಲರ ಕಿವಿಗೂ ಹೆಡ್‌ಫೋನ್ ಹಾಕಿ ಸಂಗೀತ ಕೇಳಿಸಿದರು, ಒಳಗೆ ಏನು ನಡೆಯುತ್ತಿದೆ ಎಂಬ ಸುಳಿವು ಹತ್ತದಿರಲಿ ಅಂತ. ಅರ್ಧ ಜನಕ್ಕೆ ಸ್ಟೆಂಟು, ಇನ್ನರ್ಧಕ್ಕೆ ಬರೀ ಸಂಗೀತ. ಆರು ವಾರವಾದ ಮೇಲೆ ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡಿದರೆ ಸ್ಟೆಂಟಿನವರು ಹೆಚ್ಚು ತಾಳಿಕೊಂಡದ್ದು ಸುಮಾರು 16 ಸೆಕೆಂಡು. ಇಷ್ಟು ಸಣ್ಣ ಅಂತರ ಆಕಸ್ಮಿಕವಾಗಿಯೂ ಬರಬಹುದು ಎಂದರು ಲೆಕ್ಕದವರು. 2017ರಲ್ಲಿ ಇದು ಹೊರಬಂದಾಗ ವೈದ್ಯಲೋಕದಲ್ಲಿ ಎದ್ದ ಗಲಾಟೆಗೆ ಹಲವರಿಗೆ ಎದೆನೋವು ಬಂದಿರಬೇಕು.

ಇಲ್ಲಿಗೇ ಕಥೆ ನಿಲ್ಲಿಸಿ “ನೋಡಿದ್ರಾ, ಸ್ಟೆಂಟೆಲ್ಲ ಬೋಗಸ್ಸು” ಎಂದು ಎದ್ದು ಹೋಗುವವರೇ ಹೆಚ್ಚು. ಸ್ವಲ್ಪ ತಾಳಿ. ಮೊದಲ ಪರೀಕ್ಷೆಯಲ್ಲಿ ಎಲ್ಲರಿಗೂ ಎದೆನೋವಿನ ಮಾತ್ರೆಗಳು ಭರ್ತಿಯಾಗಿದ್ದವು. ಆ ಮಾತ್ರೆಗಳನ್ನು ನಿಲ್ಲಿಸಿ ನೋಡಿದರೆ ಹೇಗೆ ಎಂದು ಅದೇ ಗುಂಪು ಮತ್ತೆ 301 ಜನರನ್ನು ಸೇರಿಸಿಕೊಂಡು ಪರೀಕ್ಷೆ ಮಾಡಿತು. 2023ರಲ್ಲಿ ಬಂದ ಉತ್ತರ: ಈ ಸಲ ಸ್ಟೆಂಟಿನವರಿಗೆ ಎದೆನೋವು ಖಂಡಿತ ಕಡಿಮೆ. ಇನ್ನು ಹಾರ್ಟ್ ಅಟ್ಯಾಕ್ ಆಗುತ್ತಿರುವ ಹೊತ್ತಿನಲ್ಲಿ ಮುಚ್ಚಿದ ರಕ್ತನಾಳ ತೆರೆಯುವ ಮಾತೇ ಬೇರೆ, ಅಲ್ಲಿ ಅದು ಜೀವ ಉಳಿಸುತ್ತದೆ. ಆಗ ಯಾರಾದರೂ ಈ ಹರಟೆ ನೆನಪಿಸಿಕೊಂಡು ಕೂತರೆ ಪಾಪ ನನಗೆ ಸುತ್ತಿಕೊಳ್ಳುತ್ತದೆ, ಆಂಬುಲೆನ್ಸ್ ಕರೆಯಿರಿ.

ಇಷ್ಟು ದೊಡ್ಡ ಮಾತೆಲ್ಲ ಯಾಕೆ, ನೆಗಡಿಗೇ ಬನ್ನಿ. ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ. ಬುಗುಡಿ ಈಗ ಕಾಣೆಯಾಗಿದೆ, ನೆಗಡಿ ಇದ್ದಲ್ಲೇ ಇದೆ. ಮೆಡಿಕಲ್ ಶಾಪಿನ ಕಟ್ಟೆಗೆ ಮೊಣಕೈ ಊರಿ “ಒಂದು ನೆಗಡಿ ಮಾತ್ರೆ ಕೊಡಪ್ಪ” ಅಂದರೆ ಸಿಗುವ ಪಟ್ಟಿಯ ಹಿಂಬದಿಯನ್ನು, ಕನ್ನಡಕ ಹಾಕಿಕೊಂಡು, ಓದಿ ನೋಡಿ. ಎಷ್ಟೋ ಪಟ್ಟಿಗಳಲ್ಲಿ ಫಿನೈಲೆಫ್ರಿನ್ ಎಂಬ ಹೆಸರು ಇರುತ್ತದೆ. ಕಟ್ಟಿದ ಮೂಗು ತೆರೆಯುವುದು ಅದರ ಕೆಲಸ. 2023ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯ ಸಲಹಾ ಸಮಿತಿ ಕೂತು ಎಲ್ಲ ಪುರಾವೆಗಳನ್ನು ಅಳೆದು ಸುರಿದು ನೋಡಿತು. ಹದಿನಾರು ಸದಸ್ಯರಲ್ಲಿ ಹದಿನಾರೂ ಜನ ಒಂದೇ ದನಿಯಲ್ಲಿ ಹೇಳಿದ್ದು: ನುಂಗುವ ಫಿನೈಲೆಫ್ರಿನ್‌ನಿಂದ ಮೂಗು ತೆರೆಯುವುದಿಲ್ಲ. ಮೂಗಿನ ವಿಳಾಸಕ್ಕೆ ಕಳಿಸಿದ ಪಾರ್ಸಲ್ಲು ಕರುಳು, ಲಿವರ್ ದಾಟುವಷ್ಟರಲ್ಲಿ ಬಹುಪಾಲು ಖಾಲಿ. ಹದಿನಾರು ಜನ ತಜ್ಞರು ಒಂದೇ ಮಾತಿಗೆ ಒಪ್ಪುವುದು ನಮ್ಮ ಕಡೆ ಊಟದ ಸಮಯದ ಬಗ್ಗೆ ಮಾತ್ರ. ಆದರೂ ಹೋದ ತಿಂಗಳು ಮೂಗು ಕಟ್ಟಿದಾಗ ಅದೇ ಮಾತ್ರೆ ನುಂಗಿದೆ. ಮೂರನೇ ದಿನ ಮೂಗು ಬಿಟ್ಟಿತು. “ಮಾತ್ರೆ ಕೆಲಸ ಮಾಡ್ತು” ಅಂತ ಹೆಂಡತಿಗೆ ಹೇಳಿಯೂಬಿಟ್ಟೆ. ಮಾತ್ರೆ ನುಂಗಿದರೆ ಒಂದು ವಾರ, ನುಂಗದಿದ್ದರೆ ಏಳು ದಿನ ಎಂಬ ಹಳೇ ಗಾದೆಯನ್ನು ಅವಳೇ ನೆನಪಿಸಬೇಕಾಯಿತು.

ಸೊಂಟ ಹಿಡಿದವರ ಕಥೆಯೂ ಇದೇ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 1,652 ಜನರ ಮೇಲೆ ಪ್ಯಾರಾಸಿಟಮಾಲ್ ಪರೀಕ್ಷೆ ಮಾಡಿ 2014ರಲ್ಲಿ ವರದಿ ಮಾಡಿದರು. ಹೊತ್ತುಹೊತ್ತಿಗೆ ತಪ್ಪದೆ ನುಂಗಿದವರ ಸೊಂಟ 17 ದಿನಕ್ಕೆ ಸರಿಹೋಯಿತು. ಬೇಕೆನಿಸಿದಾಗ ಮಾತ್ರ ನುಂಗಿದವರದ್ದೂ 17 ದಿನ. ಮಾತ್ರೆಯ ವೇಷದ ಹುಸಿಮಾತ್ರೆ ನುಂಗಿದವರದ್ದು 16 ದಿನ. ಒಂದು ದಿನ ಮುಂಚೆಯೇ!

ಡಾಕ್ಟರುಗಳೇ ಹೀಗೆ ಎಂದು ಹಲ್ಲು ಕಡಿಯುವ ಮುನ್ನ ಅವರೇ ಅವರ ಮೇಲೆ ಮಾಡಿಕೊಂಡ ಒಂದು ಪರೀಕ್ಷೆಯನ್ನೂ ಕೇಳಿ. ಹಳೇ ಕಥೆ, ಅಚ್ಚಾದದ್ದು 1934ರಲ್ಲಿ, ನಡೆದದ್ದು ನ್ಯೂಯಾರ್ಕಿನಲ್ಲಿ. ಗಂಟಲಲ್ಲಿ ಟಾನ್ಸಿಲ್ ಇದೆ ಎಂದರೆ ಕಿತ್ತು ಎಸೆಯುವ ಕಾಲ ಅದು. ಶಾಲೆಯ 1,000 ಮಕ್ಕಳನ್ನು ನೋಡಿದರೆ 611 ಮಕ್ಕಳದ್ದು ಆಗಲೇ ಕಿತ್ತಾಗಿತ್ತು. ಉಳಿದ 389 ಮಕ್ಕಳನ್ನು ಡಾಕ್ಟರುಗಳಿಗೆ ತೋರಿಸಿದರು. ನೂರಕ್ಕೆ 45 ಮಕ್ಕಳದ್ದು ಕೀಳಬೇಕು ಎಂದರು. ಬೇಡ ಎನಿಸಿಕೊಂಡವರನ್ನು ಬೇರೆ ಡಾಕ್ಟರುಗಳ ಮುಂದೆ ನಿಲ್ಲಿಸಿದರು. ಅವರು ಅದರಲ್ಲೂ ನೂರಕ್ಕೆ 46 ಎಂದರು. ಅಲ್ಲೂ ಪಾರಾದವರನ್ನು ಮೂರನೇ ತಂಡಕ್ಕೆ ತೋರಿಸಿದರು. ನೂರಕ್ಕೆ 44! ಕೊನೆಗೆ ಸಾವಿರದಲ್ಲಿ 65 ಮಕ್ಕಳ ಟಾನ್ಸಿಲ್ ಮಾತ್ರ ಯಾರ ಕಣ್ಣಿಗೂ ಬೀಳದೆ ಉಳಿಯಿತು. ನಾಲ್ಕನೇ ತಂಡ ಬಂದಿದ್ದರೆ ಅವಕ್ಕೂ ಗತಿ ಇರಲಿಲ್ಲ. ಗಂಟಲು ಯಾವುದೇ ಇರಲಿ, ಹೆಚ್ಚುಕಡಿಮೆ ಅರ್ಧದಷ್ಟು ಕೀಳಬೇಕು ಎಂಬುದು ಅವರ ಕಣ್ಣಿನ ಅಭ್ಯಾಸ. ನಮ್ಮ ತರಕಾರಿ ಮಾರುಕಟ್ಟೆಯಲ್ಲಿ ಬೆಲೆ ಏನೇ ಹೇಳಲಿ, ಅರ್ಧಕ್ಕೆ ಕೇಳುತ್ತೇವಲ್ಲ, ಹಾಗೆ.

ಆದರೆ ಹೀಗೆ ‘ಇದರಿಂದ ಪ್ರಯೋಜನವಿಲ್ಲ’ ಎಂದು ಗೊತ್ತಾಗುವುದು ಬೇಸರದ ಸುದ್ದಿ ಎಂದುಕೊಳ್ಳುತ್ತೇವಲ್ಲ, ಅದೇ ತಪ್ಪು. ನಮ್ಮ ಪಕ್ಕದ ಮದರಾಸಿಗೇ ಬನ್ನಿ. ಕ್ಷಯರೋಗ ಎಂದರೆ ಸ್ಯಾನಟೋರಿಯಂ ಎಂದಿದ್ದ ಕಾಲ. ತಿಂಗಳುಗಟ್ಟಲೆ ಹಾಸಿಗೆ, ತಣ್ಣನೆ ಗಾಳಿ, ಹಾಲು, ಮೊಟ್ಟೆ, ವಿಶ್ರಾಂತಿ. ಮೈಸೂರಿನ ಕೆ.ಆರ್.ಎಸ್. ರಸ್ತೆಯ ಪಿ.ಕೆ. ಸ್ಯಾನಟೋರಿಯಂ ಗೊತ್ತಲ್ಲ? ಅದು ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನದ್ದು. ಅರಮನೆಯನ್ನೂ ಬಿಡದ ರೋಗ ಅದು. ಆದರೆ ದೇಶದಲ್ಲಿ ರೋಗಿಗಳು ಲಕ್ಷಗಟ್ಟಲೆ, ಹಾಸಿಗೆಗಳು ಎಣಿಸುವಷ್ಟು. 1956ರಲ್ಲಿ ಮದರಾಸಿನಲ್ಲಿ ವ್ಯಾಲೇಸ್ ಫಾಕ್ಸ್ ಎಂಬ ಬ್ರಿಟಿಷ್ ವೈದ್ಯರ ನೇತೃತ್ವದಲ್ಲಿ ಒಂದು ಪರೀಕ್ಷೆ ಶುರುವಾಯಿತು. 193 ರೋಗಿಗಳು. ಎಲ್ಲರಿಗೂ ಒಂದು ವರ್ಷ ಒಂದೇ ಬಗೆಯ ಔಷಧಿ. ಅರ್ಧದಷ್ಟು ಜನಕ್ಕೆ ಸ್ಯಾನಟೋರಿಯಂ ವಾಸ, ಇನ್ನುಳಿದವರು ತಮ್ಮತಮ್ಮ ಮನೆಯಲ್ಲೇ. ಮನೆ ಎಂದರೆ ಒಂದೇ ಕೋಣೆಯಲ್ಲಿ ಸಂಸಾರವೆಲ್ಲ ಮಲಗುವ, ಹೊಟ್ಟೆಗೂ ಬಟ್ಟೆಗೂ ಹೊಂದಿಸುವ ಬಡವರ ಮನೆ.

1959ರಲ್ಲಿ ಫಲಿತಾಂಶ ಬಂತು. ಹಾಲು ಮೊಟ್ಟೆ ತಿಂದು ಮಲಗಿದವರಷ್ಟೇ ಚೆನ್ನಾಗಿ ಮನೆಯಲ್ಲಿ ಗಂಜಿ ಕುಡಿದು ಮಾತ್ರೆ ನುಂಗಿದವರೂ ಗುಣವಾಗಿದ್ದರು. ಮನೆಯವರಿಗೆ ರೋಗ ಹೆಚ್ಚು ಹರಡಿತೇ ಎಂದು ನೋಡಿದರೆ ಅದೂ ಇಲ್ಲ. ಕೆಲಸ ಮಾಡಿದ್ದು ಔಷಧಿ; ಗಾಳಿ, ಹಾಸಿಗೆ ಬರೀ ಕಾಗೆ. ಆ ಒಂದು ‘ಪ್ರಯೋಜನವಿಲ್ಲ’ದಿಂದ, ಹೆಂಡತಿ ಮಕ್ಕಳನ್ನು ಬಿಟ್ಟು ವರ್ಷಗಟ್ಟಲೆ ಮಲಗಬೇಕಿದ್ದ ಎಷ್ಟು ಜನ ಮನೆಯಲ್ಲೇ ಉಳಿದು ಗುಣವಾದರು, ಯೋಚಿಸಿ. ಮದ್ದಿನ ಪಟ್ಟಿಯಿಂದ ಒಂದನ್ನು ತೆಗೆದುಹಾಕಿದ್ದೇ ದೊಡ್ಡ ಮದ್ದಾಯಿತು.

ಇದನ್ನೆಲ್ಲ ನಾನು ಪಾರ್ಕಿನಲ್ಲಿ ಹೇಳಿದ್ದೇ ತಡ, ಮೆಂತ್ಯದವರು ಮನೆಗೆ ಹೋಗಿ ಬಿ.ಪಿ. ಮಾತ್ರೆ ನಿಲ್ಲಿಸಿಬಿಟ್ಟರು! ಮೆಂತ್ಯ ನಿಲ್ಲಿಸಿದರೇ? ಇಲ್ಲ. ಹದಿನೈದು ದಿನದಲ್ಲಿ ತಲೆಸುತ್ತಿ ಕೂತರು. ಅವರ ಡಾಕ್ಟರು ಬೈದ ಬೈಗುಳದಲ್ಲಿ ನನ್ನ ಪಾಲೂ ಇತ್ತಂತೆ. ಅವರಿಗೆ ನಾನು ಹೇಳಲು ಮರೆತದ್ದು ಇದು: ಬಿ.ಪಿ. ಮಾತ್ರೆಗೂ ಇಂಥದ್ದೇ ಪರೀಕ್ಷೆ ಆಗಿದೆ, ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲೇ. 1967ರ ವರದಿ. ರಕ್ತದೊತ್ತಡ ತೀರಾ ಏರಿದ್ದ 143 ಗಂಡಸರು. ಹುಸಿಮಾತ್ರೆ ನುಂಗಿದ 70 ಜನರಲ್ಲಿ 27 ಜನಕ್ಕೆ ಗಂಭೀರ ತೊಂದರೆ. ನಿಜಮಾತ್ರೆಯ 73 ಜನರಲ್ಲಿ ಇಬ್ಬರಿಗೆ ಮಾತ್ರ. ಕೊಂಬೆ ಮುರಿದದ್ದು ಕಾಗೆಯೇ ಎಂದು ಸಾಬೀತಾದರೆ ಕಾಗೆಗೆ ಕೈಮುಗಿಯಬೇಕು. 2001ರಿಂದ 2010ರವರೆಗೆ ಅಮೆರಿಕದ ಒಂದು ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ, ರೂಢಿಯಲ್ಲಿರುವ ಚಿಕಿತ್ಸೆಗಳನ್ನು ಮರುಪರೀಕ್ಷೆ ಮಾಡಿದ 363 ಬರಹಗಳನ್ನು ವಿನಯ್ ಪ್ರಸಾದ್, ಆಡಂ ಸಿಫು ಮತ್ತು ಅವರ ಜೊತೆಗಾರರು ಒಟ್ಟುಗೂಡಿಸಿ ನೋಡಿದರು. 146ರಲ್ಲಿ ಚಿಕಿತ್ಸೆ ಮಣ್ಣುಮುಕ್ಕಿತ್ತು. 138ರಲ್ಲಿ ಗೆದ್ದಿತ್ತು. ಉಳಿದವು ಅತ್ತಲೂ ಇಲ್ಲ ಇತ್ತಲೂ ಇಲ್ಲ. ಯಾವುದು ಯಾವ ಕಡೆ ಎಂದು ಪಾರ್ಕಿನ ಬೆಂಚಿನ ಮೇಲೆ ಕೂತು ಹೇಳಲಾಗದು. ಪರೀಕ್ಷೆ ಮಾಡಿಯೇ ತಿಳಿಯಬೇಕು.

ಎಕ್ಕದೆಲೆಗೂ ಮೆಂತ್ಯಕ್ಕೂ ಪಾರ್ಕಿನಲ್ಲಿ ಸೋಲೆಂಬುದೇ ಇಲ್ಲ, ಯಾಕೆಂದರೆ ಅಲ್ಲಿ ಯಾರೂ ಚೀಟಿ ಎತ್ತುವುದಿಲ್ಲ. ಡಾಕ್ಟರ ವಿದ್ಯೆ ಸೋಲುತ್ತದೆ, ಸೋತೆ ಎಂದು ತಾನೇ ಅಚ್ಚುಹಾಕಿಸುತ್ತದೆ. ಹ್ಯೂಸ್ಟನ್ನಿನ ಆಪರೇಷನ್ ಸೋಲಿಸಿದ್ದು ಅದನ್ನು ಮಾಡುತ್ತಿದ್ದ ಡಾಕ್ಟರೇ ಎಂಬುದನ್ನು ಮರೆಯಬಾರದು. ತನ್ನ ಅಂಗಡಿಯ ಸಾಮಾನು ಕಲಬೆರಕೆ ಇರಬಹುದೇ ಎಂದು ತಾನೇ ತೂಕ ಹಾಕಿ ಬೋರ್ಡು ಬರೆಸುವ ವ್ಯಾಪಾರಿಯನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಕೊನೆಗೆ ನಾನೂ ಡಾಕ್ಟರ ಹತ್ತಿರ ಹೋದೆ. ನೋವು ನೆತ್ತಿಗೇರಿದ ದಿನವೇ. ಚಿಕ್ಕ ವಯಸ್ಸಿನ ಮೂಳೆ ಡಾಕ್ಟರು, ಕಾಲನ್ನು ಮಡಚಿ ಚಾಚಿ ನೋಡಿ, “ಸವೆದಿದೆ ಸಾರ್. ಸದ್ಯಕ್ಕೆ ಆಪರೇಷನ್ ಬೇಡ. ತೊಡೆಗೆ ಬಲ ಬರೋ ವ್ಯಾಯಾಮ ಮಾಡಿ, ಐದು ಕೆ.ಜಿ. ಇಳಿಸಿ” ಅಂದರು. ಸೂಜಿ ಇಲ್ಲ, ಟಾನಿಕ್ ಇಲ್ಲ, ಒಂದು ಮುಲಾಮಾದರೂ ಇಲ್ಲ. ಕೈಗೆ ಕೊಟ್ಟದ್ದು ಚಿತ್ರ ಬರೆದ ಒಂದು ಜೆರಾಕ್ಸ್ ಹಾಳೆ. ಇಷ್ಟೆಲ್ಲ ಓದಿಕೊಂಡ ನನಗೇ ಒಳಗೆ ಅವಮಾನವಾಯಿತು. ಆರುನೂರು ರೂಪಾಯಿ ಕೊಟ್ಟವನಿಗೆ ಕಾಲೆತ್ತು ಕಾಲಿಳಿಸು ಅನ್ನುವುದೇ? ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆ ಯಾಕೆ ಇಷ್ಟು ಕಾಲ ಬಾಳಿದೆ ಎಂದು ಆ ಕ್ಷಣ ಅರ್ಥವಾಯಿತು. ಆ ವೈದ್ಯ ಹಾಲು ಅನ್ನ ಹೇಳದೆ ಇದ್ದಿದ್ದರೆ ರೋಗಿ ಪಕ್ಕದ ಬೀದಿಯ ವೈದ್ಯನ ಹತ್ತಿರ ಹೋಗುತ್ತಿದ್ದ. ಹ್ಯೂಸ್ಟನ್ನಿನಲ್ಲಿ ಎರಚಿದ ಉಪ್ಪುನೀರಿನ ಚಳಚಳ ಸದ್ದಿಗೆ ನಾನೂ ಒಳಗೊಳಗೇ ಹಾತೊರೆಯುತ್ತಿದ್ದೆ.

ಬೈದುಕೊಂಡೇ ವ್ಯಾಯಾಮ ಮಾಡಿದೆ. ಕುರ್ಚಿ ಮೇಲೆ ಕೂತು ಕಾಲು ನೆಟ್ಟಗೆ ಚಾಚಿ ಹತ್ತು ಎಣಿಸುವುದು, ಇಳಿಸುವುದು. ಎರಡು ಕಾಲಿಗೂ ಮಾಡಿ ಎಂದು ಹಾಳೆಯಲ್ಲಿ ಅಡಿಗೆರೆ ಎಳೆದು ಬರೆದಿತ್ತು. ನೋವು ಜೋರಾಗಿದ್ದ ಬಲಗಾಲಿಗೆ ಮಾಡುವಷ್ಟರಲ್ಲೇ ಕಾಫಿ ಬರುತ್ತಿತ್ತು. ಎಡಗಾಲಿಗೆ ನಾಳೆ ಎಂದು ಎದ್ದುಬಿಡುತ್ತಿದ್ದೆ. ಮೂರು ತಿಂಗಳು ಹೀಗೇ ಸಾಗಿತು. ತೂಕ ಒಂದೂವರೆ ಕೆ.ಜಿ. ಇಳಿಯಿತು. ಬಲಮೊಣಕಾಲಿನ ನೋವು ಮುಕ್ಕಾಲು ಪಾಲು ಹೋಯಿತು. ಪಾರ್ಕಿನಲ್ಲಿ ನಾಲ್ಕು ಹೆಜ್ಜೆ ನಡೆದು ತೋರಿಸಿ, “ವ್ಯಾಯಾಮ ಸ್ವಾಮಿ, ವ್ಯಾಯಾಮ! ಇದಕ್ಕೆ ಪರೀಕ್ಷೆಯ ಬೆಂಬಲ ಇದೆ” ಎಂದು ರಾಯರ ಮುಂದೆ ಮೀಸೆ ತಿರುವಿದೆ.

ರಾಯರು ನಿಧಾನವಾಗಿ ಕೇಳಿದರು: “ಎಡಗಾಲು ಹೇಗಿದೆ?”

“ಅದರಲ್ಲೂ ನೋವಿಲ್ಲ,” ಎಂದು ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.